ಜುಂಜೇಶ ಬಿಟ್ಟ ರೈಲು

"ಹಿರೇರ ಎಡೆಗೆ ಯಾರಾದ್ರೂ ಮುದ್ದೆ ಇಡ್ತಾರೇನವ್ವ?" ಎಂದು ಸೋದರಮಾವ ಬೋರಪ್ಪ ಬಾಗಿಲಲ್ಲೇ ನಿಂತು ಕೇಳಿದ. ತಿಪ್ಪಕ್ಕ ತಮ್ಮ ಜುಂಜೇಶನ ಫೋಟೊದ ಮುಂದೆ ಬಾಳೆ ಎಲೆ ಹಾಸಿ, ಹೋಳಿಗೆ, ವಡೆ, ಕೋಳಿ ಸಾರು ಎಲ್ಲ ಬಡಿಸಿ, ನಟ್ಟನಡುವೆ ಹೊಗೆಯಾಡುವ ರಾಗಿಮುದ್ದೆ ಇಟ್ಟಿದ್ದಳು.

"ಅವನಿಗೆ ಅದೇ ಇಷ್ಟ ಮಾವ. ಮಿಲ್ಟ್ರಿನೋರಿಗೆಲ್ಲ ಮುದ್ದೆ ಉಣ್ಣಾದು ಕಲಿಸಿದೋನು ನನ್ ತಮ್ಮ."

"ನೋಡಪ್ಪ! ಅವ್ನು ಹೋಗಿ ವರ್ಷ ಆಗ್ತಾ ಬಂತು, ಅವ್ನು ಬಿಟ್ಟ ರೈಲು ಇನ್ನೂ ಓಡ್ತಾನೇ ಐತೆ!"

ಬೋರಪ್ಪ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ರೈಲು ಬಿಡುವುದರಲ್ಲಿ ಜುಂಜೇಶನನ್ನು ಮೀರಿಸುವವರು ಮತ್ತೋಡಿನ ಸುತ್ತಮುತ್ತ ಯಾರೂ ಇರಲಿಲ್ಲ. ರಜೆಗೆ ಬಂದನೆಂದರೆ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು ಶುರು ಮಾಡುತ್ತಿದ್ದ. "ಹಿಮದ ಬೆಟ್ಟದ ಮ್ಯಾಲೆ ನಾನು ಮುದ್ದೆ ತಿರುವಿದ್ರೆ ಪಂಜಾಬಿನೋರು, ಬಿಹಾರದೋರು ತಟ್ಟೆ ಹಿಡ್ಕಂಡು ಸಾಲಾಗಿ ನಿಲ್ತಾರೆ. ಒಂದಿನ ಕರ್ನಲ್ ಸಾಹೇಬ್ರು ಮುದ್ದೆ ಅಗಿಯಾಕೆ ಹೋದ್ರು, ಗದರಿಸ್ಬಿಟ್ಟೆ!" ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕರ್ನಲನನ್ನೇ ಗದರಿಸಿದನಂತೆ!

ತಿಪ್ಪಕ್ಕ ಮಾತ್ರ ನಂಬಿದ್ದಳು. ಪ್ರತಿ ಸಲ ರಜೆ ಮುಗಿಸಿ ಹೊರಟಾಗಲೂ ಒಂದು ಚೀಲ ರಾಗಿಹಿಟ್ಟು ಕಟ್ಟಿ ಕೊಡುತ್ತಿದ್ದಳು. "ಆ ಹಿಟ್ಟು ಚಿಕ್ಕಜಾಜೂರು ಸ್ಟೇಷನ್ ದಾಟಲ್ಲ ಕಣವ್ವ. ಅಕ್ಕನ ಮನ್ಸು ನೋಯಬಾರ್ದು ಅಂತ ಹೊತ್ಕಂಡು ಹೋಗ್ತಾನೆ, ಅಲ್ಲೇ ಯಾರಿಗೋ ಕೊಟ್ಟು ರೈಲು ಹತ್ತತಾನೆ" ಎಂದು ಬೋರಪ್ಪ ಆಗಲೇ ಹೇಳಿದ್ದ. ಆಮೇಲೆ ಅವನಿದ್ದ ಬೆಟ್ಟದಲ್ಲಿ ಹಿಮ ಕುಸಿಯಿತು. ಬಾವುಟ ಹೊದ್ದು ಬಂದ ಜುಂಜೇಶನನ್ನು ನೋಡಲು ಹೊಸದುರ್ಗದಿಂದ ಊರಿನವರೆಗೂ ರಸ್ತೆಯ ಎರಡೂ ಕಡೆ ಜನ ನಿಂತಿದ್ದರು. ಹೆಗಲು ಕೊಟ್ಟವನೂ ಬೋರಪ್ಪನೇ, ಮಗುವಿನ ಹಾಗೆ ಅತ್ತವನೂ ಬೋರಪ್ಪನೇ. ತಿಪ್ಪಕ್ಕನಿಗೆ ಆ ದುಃಖದಲ್ಲೂ ಹೆಮ್ಮೆಯಾಗಿತ್ತು. ಆದರೆ ಮಾವನ ಮಾತು ಮುಳ್ಳಿನಂತೆ ಒಳಗೇ ಉಳಿದಿತ್ತು. ಮುದ್ದೆಯ ಕತೆ ಸುಳ್ಳಾದರೆ, ಅಷ್ಟು ದೂರದಲ್ಲಿ ತಮ್ಮ ಯಾರ ಜೊತೆ ಕೂತು ಉಣ್ಣುತ್ತಿದ್ದ? ಅವನನ್ನು ತಮ್ಮವನು ಅಂದುಕೊಂಡವರು ಅಲ್ಲಿ ಯಾರಾದರೂ ಇದ್ದರೋ ಇಲ್ಲವೋ?

ಹಿರಿಯರು ಬಂದು ಉಂಡು ಹೋಗಲೆಂದು ಬಾಗಿಲು ಮುಂದೆ ಮಾಡಿ, ಮನೆಯವರು, ನೆಂಟರು ಎಲ್ಲ ಜಗಲಿಯ ಮೇಲೆ ಕುಳಿತರು. ಆಗಲೇ ಪೇಟ ಸುತ್ತಿದ ಎತ್ತರದ ಆಳೊಬ್ಬ ಹಸಿರು ಚೀಲ ಹೊತ್ತು ಮನೆ ಕೇಳಿಕೊಂಡು ಬಂದ. "ತಿಪಕ್ಕಾ?" ಎಂದು ಕೈಮುಗಿದ. ಹೆಸರು ಸುಖ್‌ದೇವ್, ಪಂಜಾಬಿನವನು. ಜುಂಜೇಶ ಮಿಲ್ಟ್ರಿಯಲ್ಲಿ ಅವನ ಉಸ್ತಾದನಂತೆ, ಎಲ್ಲ ಕಲಿಸಿದ ಗುರುವಂತೆ. ತರಬೇತಿಗೆಂದು ಬೆಂಗಳೂರಿಗೆ ಬಂದವನು, ರಜೆ ಸಿಕ್ಕಿದ್ದೇ ತಡ ಬಸ್ಸು ಹತ್ತಿ, ಹಿರಿಯೂರಿನಲ್ಲಿ ಇಳಿದು, ಕೇಳುತ್ತ ಕೇಳುತ್ತ ಇಲ್ಲಿಯವರೆಗೆ ಬಂದಿದ್ದ. ಅವನ ಹಿಂದಿಯಲ್ಲಿ ಅರ್ಧ ತಿಳಿಯಿತು, ಉಳಿದರ್ಧ ಅವನ ಕಣ್ಣೇ ಹೇಳಿತು.

"ಬರ್ರಿ, ಕುಂತ್ಕಳ್ರಿ" ಎಂದು ಬೋರಪ್ಪ ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ. ಬಾಗಿಲು ತಟ್ಟಿ ತೆರೆದದ್ದಾಯಿತು, ಎಲ್ಲರೂ ಒಳಗೆ ಸಾಲಾಗಿ ಊಟಕ್ಕೆ ಕುಳಿತರು. ತಿಪ್ಪಕ್ಕ ಮುದ್ದೆ ಹಿಡಿದು ಅನುಮಾನಿಸುತ್ತ ನಿಂತಳು.

"ಏ, ಅವ್ರಿಗೆ ಅನ್ನ ಹಾಕವ್ವ. ಮುದ್ದೆ ಹಲ್ಲಿಗೆ ಅಂಟ್ಕಂಡು ಒದ್ದಾಡ್ತಾರೆ ಪಾಪ" ಎಂದ ಬೋರಪ್ಪ.

ಸುಖ್‌ದೇವ್ ಅನ್ನ ಬೇಡವೆಂದು ತಲೆಯಾಡಿಸಿದ. "ಮುದ್ದೆ" ಎಂದ, ತುಂಬ ಸ್ಪಷ್ಟವಾಗಿ.

ಮುದ್ದೆ ಎಲೆಗೆ ಬಿತ್ತು. ಅವನು ಬೆರಳು ಸಾರಿಗೆ ಅದ್ದಿ, ಒಂದು ತುತ್ತು ಮುರಿದು, ಅಂಗೈಯಲ್ಲಿ ದುಂಡಗೆ ಉರುಳಿಸಿ, ಸಾರಿನಲ್ಲಿ ಹೊರಳಿಸಿ, ಬಾಯಿಗಿಟ್ಟ. ಗಂಟಲು ಒಮ್ಮೆ ಮೇಲೆದ್ದು ಕೆಳಗಿಳಿಯಿತು, ಅಷ್ಟೇ. ಮತ್ತೊಂದು ತುತ್ತು ಮುರಿದ. ಹುಟ್ಟಿದಾಗಿನಿಂದ ಮುದ್ದೆ ಉಂಡವರ ಹಾಗೆ ಉಣ್ಣುತ್ತಿದ್ದ. ಅವನನ್ನೇ ನೋಡುತ್ತ ಬೋರಪ್ಪ ತನ್ನ ಬಾಯಲ್ಲಿದ್ದುದನ್ನು ನುಂಗುವುದನ್ನೇ ಮರೆತ. ತುತ್ತು ಅತ್ತಿಂದಿತ್ತ ಹೊರಳಿತು, ದವಡೆ ಆಡಿತು. ಸುಖ್‌ದೇವ್ ಅದನ್ನು ಕಂಡವನೇ ಕಣ್ಣು ದೊಡ್ಡದು ಮಾಡಿ, ಬೆರಳೆತ್ತಿ ಗುಡುಗಿದ:

"ಲೇ! ಅಗೀಬ್ಯಾಡಲೇ! ನುಂಗು!"

ಸಾಲಿನಲ್ಲಿ ಕುಳಿತವರ ಕೈ ಎಲೆಯ ಮೇಲೇ ನಿಂತಿತು. ಊರಿನ ಹಿರಿಯ ಬೋರಪ್ಪನಿಗೆ 'ಲೇ' ಅನ್ನುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ತಿಪ್ಪಕ್ಕನಿಗೆ ಮಾತ್ರ ಬೇರೆಯೇ ಕೇಳಿಸಿತು. ಆ 'ಲೇ'ಯನ್ನು ಎಳೆದ ರೀತಿ, 'ನುಂಗು' ಎಂದು ಕೊನೆಗೆ ಒತ್ತಿ ಬಿಟ್ಟ ರೀತಿ, ಎರಡೂ ಅವಳ ತಮ್ಮನವೇ. ಸುಖ್‌ದೇವ್ ಗಾಬರಿಯಾಗಿ ಸುತ್ತ ನೋಡಿದ. "ಉಸ್ತಾದ್ ಸಬ್‌ಕೋ ಐಸೇ ಬೋಲ್ತಾ ಥಾ, ಅಕ್ಕಾ. ಕರ್ನಲ್ ಸಾಬ್ ಕೋ ಭೀ."

ಉಸ್ತಾದ ಎಲ್ಲರಿಗೂ ಹೀಗೇ ಅನ್ನುತ್ತಿದ್ದ, ಕರ್ನಲ್ ಸಾಹೇಬರಿಗೂ ಕೂಡ ಎಂದದ್ದು ತಿಳಿಯಲು ಯಾರಿಗೂ ಹಿಂದಿ ಬೇಕಾಗಲಿಲ್ಲ. ತಿಪ್ಪಕ್ಕನಿಗೆ ಅಳುವೂ ಬಂತು, ನಗುವೂ ಬಂತು. "ಕೇಳಿಸ್ತಾ ಮಾವ?" ಎಂದಳು, ಬೀದಿಗೆಲ್ಲ ಕೇಳುವ ಹಾಗೆ.

ಬೋರಪ್ಪ ಬಾಯಲ್ಲಿದ್ದ ತುತ್ತನ್ನು ಗುಳುಕ್ಕನೆ ನುಂಗಿದ. ಆಮೇಲೆ ನಿಧಾನಕ್ಕೆ ಫೋಟೊದ ಕಡೆ ತಿರುಗಿದ.

"ಆಯ್ತು ಬಿಡಲೇ ಜುಂಜಾ. ನುಂಗ್ದೆ."