ಲಗ್ನಪತ್ರಿಕೆಯ ಕೊನೆಯ ಸಾಲು

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಮನೆಯ ಗಂಡಸರು ಇನ್ನೂ ಸ್ವಲ್ಪ ನಿಧಾನವಾಗಿ ಓದಿದರೂ ಪರವಾಗಿಲ್ಲ.

ತುಮಕೂರಿನಲ್ಲಿ ಶಾಲಿನಿ ಎಂಬ ಹೆಣ್ಣುಮಗಳು. ಒಂದನೇ ಕ್ಲಾಸಿನ ಮಗಳು ಇಂಚರ, ಇನ್ನೂ ಸೊಂಟದಿಂದ ಇಳಿಯದ ಗಂಡುಮಗು.

ಮಧ್ಯಾಹ್ನ ಮಗು ಮಲಗಿದಾಗ ಮೊಬೈಲ್‌ನಲ್ಲಿ ನಾಮಕರಣ, ಗೃಹಪ್ರವೇಶ, ಬರ್ತ್‌ಡೇ ಕಾರ್ಡ್‌ಗಳನ್ನು ಡಿಸೈನ್ ಮಾಡುತ್ತಿದ್ದಳು. ಒಂದು ಕೈ ತೊಟ್ಟಿಲ ಮೇಲೆ, ಇನ್ನೊಂದು ಕೈ ಸ್ಕ್ರೀನ್ ಮೇಲೆ...

ನೋಡಿದವರೆಲ್ಲ ಹೊಗಳುತ್ತಿದ್ದರು. ಹೊಗಳಿ ಮುಗಿಸಿ, "ನಮಗೂ ಒಂದು ಮಾಡ್ಕೊಡೇ, ಮನೆಯವಳೇ ತಾನೇ" ಎಂದು ಪುಕ್ಕಟೆ ಮಾಡಿಸಿಕೊಳ್ಳುತ್ತಿದ್ದರು. ಹೊಗಳಿಕೆಯಿಂದ ಒಗ್ಗರಣೆಗೂ ಎಣ್ಣೆ ಬರುವುದಿಲ್ಲ, ಅದು ನಿಮಗೂ ಗೊತ್ತು.

ಗಂಡ ಯೋಗೀಶ ಕೆಟ್ಟವನೇನಲ್ಲ. ಆದರೆ ಒಂದು ದಿನ ಬೇಸತ್ತು ಹೇಳಿಬಿಟ್ಟ.

"ತಮ್ಮನ ಮದುವೆ ತನಕ ನೋಡು. ಆಮೇಲೂ ಹೊರಗಿನ ಆರ್ಡರ್ ಬರ್ಲಿಲ್ಲ ಅಂದ್ರೆ ಇದನ್ನೆಲ್ಲ ಬಿಟ್ಬಿಡು. ಮಕ್ಕಳನ್ನ ನೋಡ್ಕೊಂಡ್ರೆ ಸಾಕು."

ಶಾಲಿನಿ ಒಪ್ಪಿಕೊಂಡಳು. ಮೈದುನನ ಲಗ್ನಪತ್ರಿಕೆ ಮಾಡುವವಳು ಅವಳೇ ಆಗಿದ್ದಳು. ಅದು ಊರಿನ ಮನೆಮನೆಗೂ ಹೋಗುವ ಕಾರ್ಡು. ಅದರಲ್ಲಿ ತನ್ನ ಹೆಸರೂ ನಂಬರೂ ಇದ್ದರೆ ಅದೇ ತನ್ನ ಅಂಗಡಿಯ ಬೋರ್ಡು ಎಂದು ಲೆಕ್ಕ ಹಾಕಿದ್ದಳು.

ದಿನಗಟ್ಟಲೆ ಕೂತು ಕಾರ್ಡಿನ ಸುತ್ತ ಕನಕಾಂಬರದ ದಂಡೆ ಬರೆದಳು. ಕೊನೆಗೆ, ಎಲ್ಲಕ್ಕಿಂತ ಕೆಳಗೆ, ಸಣ್ಣಕ್ಷರದಲ್ಲಿ ಒಂದೇ ಸಾಲು... "ವಿನ್ಯಾಸ: ಶಾಲಿನಿ", ಪಕ್ಕದಲ್ಲಿ ಫೋನ್ ನಂಬರ್.

ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದ ಇಂಚರ ಸ್ಕ್ರೀನ್ ಮೇಲೆ ಬೆರಳಿಟ್ಟು ಓದಿದಳು. "ಶಾ... ಲಿ... ನಿ... ಅಮ್ಮಾ, ಇದು ನೀನೇ!"

ಯೋಗೀಶ ಪ್ರೂಫನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಶುರುವಾಯಿತು ನೋಡಿ...

"ಸುಖಾಗಮನ ಬಯಸುವವರು" ಪಟ್ಟಿಯಲ್ಲಿ ತಿಪಟೂರು ದೊಡ್ಡಪ್ಪನ ಹೆಸರೇ ಬಿಟ್ಟುಹೋಗಿತ್ತು! ಹೆಸರುಗಳನ್ನು ಹೇಳಿ ಬರೆಸಿದವರು ಅತ್ತೆ. ಬೈಸಿಕೊಂಡವಳು ಶಾಲಿನಿ.

"ನನ್ನ ಹೆಸ್ರೇ ಇಲ್ದಿರೋ ಮದುವೆಗೆ ನಾನ್ಯಾಕಪ್ಪಾ ಬರ್ಲಿ?" ಎಂದು ದೊಡ್ಡಪ್ಪ ಫೋನಿನಲ್ಲೇ ಗುಡುಗಿದರು.

ಶಾಲಿನಿ ಗಂಡನಿಗೆ ಫೋನ್ ಮಾಡಿದಳು. "ರೀ, ಮಗುಗೆ ಊಟ ಮಾಡಿಸಿ ನಾನೇ ಸೇರಿಸಿ ಕಳಿಸ್ತೀನಿ..."

"ಬೇಡ ಬಿಡು. ನಾನು ಫ್ರೆಂಡ್ ಪ್ರೆಸ್ಸಲ್ಲೇ ಇದೀನಿ. ಇಲ್ಲೇ ಸರಿ ಮಾಡಿಸ್ತೀನಿ."

ಕಾರ್ಡುಗಳು ಬಂದವು. ದೇವರ ಮುಂದಿಟ್ಟು ಅರಿಶಿನ ಹಚ್ಚಿದ್ದಾಯಿತು. ಇಂಚರ ಒಂದನ್ನು ತೆಗೆದುಕೊಂಡು ಕೆಳಗಿನ ಸಾಲಿನಲ್ಲಿ ಬೆರಳಾಡಿಸಿದಳು.

ದೊಡ್ಡಪ್ಪನ ಹೆಸರಿತ್ತು. ಪ್ರೆಸ್ಸಿನ ಹೆಸರೂ ಇತ್ತು.

"ಅಪ್ಪಾ, ಅಮ್ಮನ ಹೆಸ್ರು ಎಲ್ಲಿ?"

"ಜಾಗ ಇರ್ಲಿಲ್ಲ ಪುಟ್ಟಾ... ಕಾರ್ಡ್ ಮಾಡ್ದೋರ ಹೆಸ್ರನ್ನ ಯಾರೂ ಓದಲ್ಲ. ಅದಕ್ಕೆ ತೆಗೆಸಿದೆ." ಯೋಗೀಶ ನಗುತ್ತಲೇ ಹೇಳಿದ.

ಶಾಲಿನಿ ಮದುವೆ ಮನೆಯಲ್ಲಿ ರಂಪ ಯಾಕೆ ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡು ಅಡುಗೆಮನೆಗೆ ಹೋದಳು.

ಮದುವೆಗೆ ತಿಪಟೂರು ದೊಡ್ಡಪ್ಪ ಬರಲೇ ಇಲ್ಲ. ಮಂಡಿನೋವಂತೆ!

ಬಂದವರೆಲ್ಲ ಕಾರ್ಡ್ ಚೆನ್ನಾಗಿದೆ ಎಂದರು, ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. "ನಮ್ಮ ಯೋಗಿ ಫ್ರೆಂಡ್ ಪ್ರೆಸ್ಸಲ್ಲಿ" ಎಂದು ಅತ್ತೆ ಎಲ್ಲರಿಗೂ ಹೆಮ್ಮೆಯಿಂದ ಹೇಳಿದರು. ಪಕ್ಕದಲ್ಲೇ ಕೂತು ಮಗುವಿಗೆ ಪಾಯಸ ತಿನ್ನಿಸುತ್ತಿದ್ದ ಸೊಸೆ ಅವರ ಕಣ್ಣಿಗೆ ಬೀಳಲಿಲ್ಲ.

ಕೆಲವು ವಾರಗಳ ಮೇಲೆ ಮನೆಗೆ ಯಾರದೋ ಮದುವೆಯ ಕಾರ್ಡ್ ಬಂತು. ಸುತ್ತಲೂ ಅದೇ ಕನಕಾಂಬರದ ದಂಡೆ... ಕೆಳಗೆ ಅದೇ ಪ್ರೆಸ್ಸಿನ ಹೆಸರು.

ಶಾಲಿನಿಗೆ ಒಂದೂ ಫೋನ್ ಬರಲಿಲ್ಲ. ಎಲ್ಲಿಂದ ಬರಬೇಕು? ಕೊಟ್ಟ ಮಾತಿನಂತೆ ಡಿಸೈನ್ ಮಾಡುವುದನ್ನು ಬಿಟ್ಟುಬಿಟ್ಟಳು. ಮನೆಯವರಿಗೆ ಅದು ಗೊತ್ತೂ ಆಗಲಿಲ್ಲ. ಊಟ, ತಿಂಡಿ ಎಲ್ಲ ಹೊತ್ತಿಗೆ ಸರಿಯಾಗಿ ಬರುತ್ತಿತ್ತಲ್ಲ...

ದೀಪಾವಳಿ ಮುಗಿದ ಮೇಲೆ ಇಂಚರಳ ಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್. ಗಂಡ ಹೆಂಡತಿ ಇಬ್ಬರೂ ಹೋದರು.

ಮಿಸ್ ಒಂದು ಗ್ರೀಟಿಂಗ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು. ಸಾಲು ದೀಪಗಳು, ಸುತ್ತ ಸೊಟ್ಟಸೊಟ್ಟ ಕನಕಾಂಬರ...

"ದೀಪಾವಳಿ ಕಾರ್ಡ್ ಕಾಂಪಿಟಿಷನ್‌ನಲ್ಲಿ ಇದೇ ಫಸ್ಟ್ ಬರ್ಬೇಕಿತ್ತು. ಎಲ್ಲೂ ಹೆಸರೇ ಇರ್ಲಿಲ್ಲ. ಇದು ಯಾರದು ಅಂತ ಕ್ಲಾಸಲ್ಲಿ ಕೇಳಿದ್ರೆ ಇವಳು ಕೈಯೂ ಎತ್ತಲಿಲ್ಲ. ಪ್ರೈಜ್ ಬೇರೆ ಮಗುಗೆ ಹೋಯ್ತು. ಪಕ್ಕದಲ್ಲಿ ಕೂರೋ ಹುಡುಗಿ ನಿನ್ನೆ ಹೇಳಿದ ಮೇಲೇನೇ ನಮಗೆ ಗೊತ್ತಾಗಿದ್ದು."

ಮಿಸ್ ಮಗುವನ್ನು ಹತ್ತಿರ ಕರೆದು ಕೇಳಿದರು. "ಯಾಕಮ್ಮಾ ಹೆಸರು ಬರೀಲಿಲ್ಲ?"

ಇಂಚರ ಅಪ್ಪನ ಮುಖ ನೋಡಿದಳು. ಸರಿಯುತ್ತರ ಗೊತ್ತಿರುವ ಮಗುವಿನ ಹಾಗೆ ಹೇಳಿದಳು.

"ಕಾರ್ಡ್ ಮಾಡ್ದೋರ ಹೆಸ್ರು ಹಾಕಕ್ಕೆ ಜಾಗ ಇರಲ್ಲ ಮಿಸ್... ಅಪ್ಪ ಹೇಳಿದಾರೆ."

ಮಿಸ್ ಕಾರ್ಡನ್ನು ತಿರುಗಿಸಿದರು. ಹಿಂದಿನ ಪುಟ ಪೂರ್ತಿ ಖಾಲಿ ಇತ್ತು.

ಯೋಗೀಶ ತಲೆ ಎತ್ತಲಿಲ್ಲ. ಶಾಲಿನಿಗೆ ಅಷ್ಟು ದಿನ ತಡೆದಿದ್ದ ಅಳು ಅಲ್ಲೇ, ಎಲ್ಲರೆದುರಿಗೇ ಬಂದುಬಿಟ್ಟಿತು.

ಸ್ಕೂಲಿನ ಗೇಟಿನ ಹತ್ತಿರ ಅವನು ಮೆಲ್ಲಗೆ ಹೇಳಿದ. "ತಪ್ಪಾಯ್ತು ಕಣೇ. ನಾಳೆಯಿಂದ ಮತ್ತೆ ಶುರು ಮಾಡು. ನಾನೇ ನಾಲ್ಕು ಜನಕ್ಕೆ ಹೇಳ್ತೀನಿ."

ಶಾಲಿನಿ ಅವನ ಮುಖವನ್ನೂ ನೋಡಲಿಲ್ಲ.

"ನಂದು ಹಾಗಿರ್ಲಿ ರೀ... ಮೊದ್ಲು ಅವಳಿಗೆ ಹೇಳಿ. ಅವಳಿಗೆ ಕಲಿಸಿದ್ದು ನೀವೇ, ಈಗ ಮರೆಸೋದೂ ನೀವೇ."

ಯೋಗೀಶ ಮಗಳ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅವಳ ಎರಡೂ ಕೈ ಹಿಡಿದುಕೊಂಡ.

ಮನೆಯಲ್ಲಿ ತಾಯಿಯ ಹೆಸರನ್ನು ಅಳಿಸಿದರೆ, ಮಗಳು ತನ್ನ ಹೆಸರನ್ನು ಬರೆಯದೇ ಇರುವುದನ್ನು ಕಲಿಯುತ್ತಾಳೆ.

ನಿಮ್ಮ ಮನೆಯಲ್ಲಿ ಜಾಗ ಸಾಲದಾದಾಗ ಮೊದಲು ತೆಗೆದುಹಾಕುವುದು ಯಾರ ಹೆಸರನ್ನು...?