ಬೇರೆ ಪ್ರಭೇದ

ಬೇಸಿಗೆ ಬಂತೆಂದರೆ ಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಗಳನ್ನು ಕೆಡದಂತೆ ಇಟ್ಟ ಜಾಡಿಗಳ ಸ್ಪಿರಿಟ್ ಆರಿ ಇಳಿಯುತ್ತದೆ. ಬೆಳಗಿನಿಂದ ಹಾವುಗಳ ಕೋಣೆಯಲ್ಲಿ ಒಂದೊಂದೇ ಮುಚ್ಚಳ ಬಿಚ್ಚಿ ಸ್ಪಿರಿಟ್ ತುಂಬುತ್ತ ಬಂದವಳು ಕಿಟಕಿ ಪಕ್ಕದ ದೊಡ್ಡ ಜಾಡಿಯ ಮುಂದೆ ತಡೆದು ನಿಂತಳು. ಒಳಗೆ ಸುರುಳಿ ಸುತ್ತಿಕೊಂಡಿದ್ದದ್ದು ಅವಳ ಅಕ್ಕನನ್ನು ಬಿಗಿದು ಕೊಂದ ಹೆಬ್ಬಾವು. ಅದಕ್ಕೆ ಅಂಟಿಸಲು ಹಾವುಗಳನ್ನು ಅಧ್ಯಯನ ಮಾಡುವ ಪ್ರೊಫೆಸರು ಪ್ರಭೇದದ ಹೆಸರಿರುವ ಹೊಸ ಚೀಟಿ ಕೊಟ್ಟು ಹೋಗಿದ್ದರು.

ಅಷ್ಟರಲ್ಲಿ ಭಾವ ಬಂದ. ಧಾನ್ಯದ ಉಗ್ರಾಣದ ಕಾವಲುಗಾರ. ಪೇಟೆಗೆ ಬಂದಾಗಲೆಲ್ಲ ಈ ಜಾಡಿಯೆದುರು ಒಂದು ಗಳಿಗೆ ಕೂತೇ ಹೋಗುವವನು.

"ಸತ್ತ ಹಾವಿಗೆಲ್ಲ ಕುಡಿಸ್ತೀಯ, ಬದುಕಿರೋ ಭಾವನಿಗೆ ಒಂದು ಲೋಟ ನೀರಿಲ್ಲ."

ಅವಳಿಗೆ ನಗು ಬರಲಿಲ್ಲ. ಮೂರು ವರ್ಷದ ಹಿಂದೆ, ಅಕ್ಕ ಹೋದ ಮೇಲೆ ಒಂದು ದಿನ, ಅವಳ ಎಳೆಗೂಸನ್ನು ಇವಳ ಕೈಗಿಟ್ಟು, ಭಾವ ಕೊಡಲಿ ಹಿಡಿದು ಉಗ್ರಾಣಕ್ಕೆ ನುಗ್ಗಿದ್ದ. ಇಲಿ ಕಾಟಕ್ಕೆಂದು ಅಲ್ಲಿ ಒಂದು ಹೆಬ್ಬಾವನ್ನು ಮರಿಯಿಂದ ಸಾಕಿದ್ದರು. ತಡೆದವಳು ಇವಳೇ. 'ಅಕ್ಕನ್ನ ಕೊಂದಿದ್ದು ಹೊಸ ಪ್ರಭೇದವಂತೆ ಭಾವ. ಹುರುಪೆಗಳ ಸಾಲೇ ಬೇರೆ. ಇದು ಮನುಷ್ಯರ ತಂಟೆಗೆ ಬರೋದಲ್ಲ.' ಮೊದಲಿನದೆಲ್ಲ ಪ್ರೊಫೆಸರು ಹೇಳಿದ್ದು; ಕೊನೆಯ ಮಾತು ಇವಳೇ ಸೇರಿಸಿದ್ದು. ಅಕ್ಕ ಸತ್ತ ಸಂಕಟದ ನಡುವೆ ಇನ್ನೊಂದು ಜೀವ ಯಾಕೆ ಹೋಗಬೇಕು ಅನ್ನಿಸಿತ್ತು, ಅಷ್ಟೆ.

"ಅದೇನು ಅಂಟಿಸ್ತಿರೋದು?"

"ತಪ್ಪಾಗಿತ್ತಂತೆ ಭಾವ. ಹಲ್ಲು, ಮೂಳೆ ಎಲ್ಲಾ ಮತ್ತೆ ಹೋಲಿಸಿ ನೋಡಿದಾರೆ. ಇದು ಬೇರೆ ಅಲ್ಲ. ಉಗ್ರಾಣದಲ್ಲಿರೋದೂ ಇದೂ ಒಂದೇ."

ಭಾವ ಗಾಜಿಗೆ ಮುಖ ತಂದು ನೋಡಿದ. ಹಾವಿನ ಬಾಲದ ಬುಡದಲ್ಲಿ, ಅದರ ಪೂರ್ವಜರಿಗೆ ಎಂದೋ ಕಾಲಾಗಿದ್ದ ಎರಡು ಪುಟ್ಟ ಉಗುರುಗಳು ಗಾಜಿಗೆ ಒತ್ತಿಕೊಂಡಿದ್ದವು.

"ಅದನ್ನ ದೂರ ಬಿಟ್ಟುಬಿಡಿ ಭಾವ. ಇವತ್ತೇ. ಆವತ್ತು ನಾನು ಆಡಿದ ಮಾತು ವಾಪಸ್ ತಗೊಂಡೆ ಅಂದ್ಕೊಳ್ಳಿ."

"ಇಲಿ ಎಲ್ಲಾ ಮುಗಿದು ಹೋಗಿವೆ," ಎಂದ ಭಾವ, ಬೇರೇನೋ ಯೋಚಿಸುತ್ತಿರುವವನಂತೆ. "ತಿಂಗಳಾಯ್ತು, ಅದು ಏನೂ ತಿಂದ ಹಾಗಿಲ್ಲ."

"ಮಗು ಎಲ್ಲಿ?"

"ಉಗ್ರಾಣದಲ್ಲೇ ಮಲಗಿತ್ತು. ಬೇಗ ಹೋಗಿಬಿಡ್ತೀನಲ್ಲ ಅಂತ ಬಿಟ್ಟು ಬಂದೆ." ಭಾವ ಎದ್ದ. ಬಾಗಿಲವರೆಗೆ ಹೋದವನು ಜಾಡಿಯ ಕಡೆ ತಿರುಗಿದ. "ಈ ಸೆಕೆಗೆ ಹಾವಿನ ಮೈ ತಣ್ಣಗಿರುತ್ತೆ ಅಂತ, ಅದನ್ನ ತಬ್ಬಿಕೊಂಡೇ ಮಲಗ್ತಾಳೆ."