ಗಾಳಿ ನಿಂತ ಗುಂಡಿ

ಗಬ್ಬದ ಕುರಿ ಹಗ್ಗ ಕಿತ್ತುಕೊಂಡು ಗುಂಡಿಗೆ ಇಳಿದುಬಿಟ್ಟಿತ್ತು. ಬೆಟ್ಟ ಉಗುಳಿದ ಲಾವಾ ತಣಿದು ಕರಿಬಂಡೆಯಾದ ಬಯಲಿನಲ್ಲಿ ಮೇಲ್ಪದರ ಕುಸಿದು ಆದ ಗುಂಡಿ ಅದು. ಯಾವ ದನವೂ ಮೇಯದ ಕಾರಣ ಅಲ್ಲಿ ಹುಲ್ಲು ಸೊಂಪಾಗಿ ಬೆಳೆದಿತ್ತು. ಬಂಡೆಯ ಬಿರುಕುಗಳಿಂದ ಏಳುವ ಮಜುಕು, ಬಣ್ಣವಿಲ್ಲದ ವಾಸನೆಯಿಲ್ಲದ ಆ ಕೆಟ್ಟ ಗಾಳಿ, ಬೆಳಗಿನ ಹೊತ್ತು ಅಲ್ಲಿ ನೀರಿನಂತೆ ತುಂಬಿ ನಿಲ್ಲುತ್ತದೆ. ಕಿವು ಸರೋವರದ ಕಡೆಯಿಂದ ಗಾಳಿ ಬೀಸಿದರೆ ಮಾತ್ರ ಚದುರುತ್ತದೆ.

ಕುರಿ ಮುಂಗಾಲು ಮಡಚಿ ಕುಸಿದದ್ದನ್ನು ಕಂಡು, ಕಲ್ಲು ಒಡೆಯುತ್ತಿದ್ದ ಕಾಕುಲೆ ಸುತ್ತಿಗೆ ಬಿಸುಟ.

"ಬೇಡ ಅಣ್ಣ, ಗಾಳಿ ಏಳ್ಲಿ," ಎಂದ ತಮ್ಮ ಕಟೆಂಬೊ.

"ಅಷ್ಟೊತ್ತಿಗೆ ಕುರಿ ಇರುತ್ತೇನೋ? ಮಜುಕು ಸೊಂಟದ ಮಟ್ಟ ಕಣೋ. ನಿನ್ನಂಥ ಕುಳ್ಳನಿಗೆ ಭಯ. ನನ್ನ ಮೂಗು ಎಲ್ಲಿದೆ ನೋಡು!"

"ನಿಂತ್ಕೊ, ಹೋಗ್ಬೇಡ," ಎಂದು ಹೆಂಡತಿ ಕಹಂಬು ಕಲ್ಲಿನ ಬುಟ್ಟಿ ಇಳಿಸಿ ಓಡಿಬರುವಷ್ಟರಲ್ಲಿ ಅವನು ಇಳಿದಾಗಿತ್ತು. ತಲೆ ಎತ್ತಿಕೊಂಡೇ ನಡೆದ. ಕುರಿಯ ಹತ್ತಿರ ಹೋದ. ಅದನ್ನು ಎತ್ತಲು ಬಗ್ಗಿದ. ಬಗ್ಗಿದವನು ಮತ್ತೆ ಏಳಲಿಲ್ಲ.

ಕಟೆಂಬೊ ಧುಮುಕಲು ಹೋದ. ಕಹಂಬು ಹಿಂದಿನಿಂದ ಅವನ ಸೊಂಟ ತಬ್ಬಿ ಹಿಡಿದಳು. ಇಬ್ಬರೂ ಚೂಪುಗಲ್ಲಿನ ಮೇಲೆ ಬಿದ್ದರು. ಅವಳ ಮಂಡಿ ಸೀಳಿತು.

"ಬಿಡು ಅತ್ತಿಗೆ! ಅಣ್ಣ ಇನ್ನೂ ಕೈ ಎತ್ತುತ್ತಿದ್ದಾನೆ, ನೋಡು!"

ಹುಲ್ಲಿನ ಮೇಲೆ ಎದ್ದ ಆ ಕೈಯನ್ನು ಅವಳೂ ನೋಡಿದಳು. ಹೋದ ವರ್ಷ ಇಂಥದೇ ಗುಂಡಿಯಲ್ಲಿ, ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಉಳಿಸಲು ಮತ್ತೊಬ್ಬ ಎಂದು ಇಳಿದ ಮೂವರನ್ನೂ ಒಟ್ಟಿಗೆ ಮಣ್ಣು ಮಾಡಿದ್ದರು. ಮೈದುನ ಮೊಣಕೈಯಿಂದ ಎದೆಗೆ ಗುದ್ದಿದ, ಕೂದಲು ಹಿಡಿದು ಜಗ್ಗಿದ. ಅವಳು ಅವನ ಬೆನ್ನಿಗೆ ಮುಖ ಒತ್ತಿ ಕಣ್ಣು ಮುಚ್ಚಿಕೊಂಡಳು. ಹಿಡಿತ ಸಡಿಲಿಸಲಿಲ್ಲ. ಅವನು ಗುದ್ದುವುದನ್ನು ನಿಲ್ಲಿಸಿ ಬಿಕ್ಕತೊಡಗಿದಾಗ, ಇನ್ನು ಅಲ್ಲಿ ನೋಡುವುದೇನೂ ಉಳಿದಿಲ್ಲವೆಂದು ಅವಳಿಗೆ ತಿಳಿಯಿತು.

ಮಧ್ಯಾಹ್ನ ಸರೋವರದ ಗಾಳಿ ಎದ್ದ ಮೇಲೆ ಕಾಕುಲೆಯನ್ನು ಮನೆಗೆ ತಂದರು. ಅಳಲು ಬಂದ ಹೆಂಗಸರ ಮುಂದೆಯೇ ಕಟೆಂಬೊ ಕಿರುಚಿದ: "ಅಮ್ಮಾ, ಇವಳೇ ಕೊಂದಿದ್ದು! ಬಿಟ್ಟಿದ್ರೆ ಎಳ್ಕೊಂಡು ಬರ್ತಿದ್ದೆ. ಕಟ್ಕೊಂಡವನು ಒದ್ದಾಡ್ತಿದ್ರೆ ಕಣ್ಣು ಮುಚ್ಕೊಂಡು ಕೂತಿದ್ಳು!"

ಹೆಂಗಸರ ಅಳು ಒಮ್ಮೆಲೇ ನಿಂತಿತು. ಮಗನ ತಲೆಯ ಬಳಿ ಕುಳಿತಿದ್ದ ತಾಯಿ ಕವೀರಾ ಅವನ ಕೂದಲಿಗೆ ಅಂಟಿದ್ದ ಹುಲ್ಲನ್ನು ಬಿಡಿಸುತ್ತಲೇ ಇದ್ದಳು.

ಮಣ್ಣು ಮಾಡಿ ಬಂದ ಮೇಲೆ ಕವೀರಾ ಬಿಸಿನೀರು ತಂದು ಸೊಸೆಯ ಮಂಡಿ ತೊಳೆಯತೊಡಗಿದಳು. ಗಾಯದೊಳಗೆ ಸಿಕ್ಕಿದ್ದ ಕರಿಗಲ್ಲಿನ ಚೂರುಗಳನ್ನು ಉಗುರಿನಿಂದ ಒಂದೊಂದಾಗಿ ತೆಗೆದಳು. ಹೊರಗೆ ಕಟೆಂಬೊನ ದನಿ ಇನ್ನೂ ಕೇಳುತ್ತಿತ್ತು.

"ಬೈತಾನೇ ಇದ್ದಾನೆ, ಅತ್ತೆ."

"ಬೈಲಿ ಬಿಡು. ಬೈಯೋಕೆ ಅವನಿಗೆ ಉಸಿರಿದೆಯಲ್ಲ."

ಅಷ್ಟು ಹೇಳಿದ ಕವೀರಾ, ಸೊಸೆಯ ಮುಖವನ್ನು ಮಾತ್ರ ತಲೆ ಎತ್ತಿ ನೋಡಲಿಲ್ಲ.